ಹುಳದ ಮನೆಗೆ ಗ್ರೀಸಿನ ಕೈ

ನನ್ನದು ಹಗ್ಗ ಕಂಡರೂ ಹಾವು ಅನ್ನುವ ಸ್ವಭಾವ. ಮನೆಗೆ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತೇನೆ. ಬೀದಿಯ ತಿರುವಿನವರೆಗೆ ಹೋದವನು ವಾಪಸು ಬಂದು ನಾಲ್ಕನೇ ಸಲ ಜಗ್ಗುತ್ತೇನೆ. ಹೊಟ್ಟೆಪಾಡಿಗೆ ಸಿಕ್ಕ ಕೆಲಸವೂ ಅದಕ್ಕೆ ತಕ್ಕದ್ದೇ. ಬಿಡದಿಯ ಒಂದು ಕಾರ್ಖಾನೆಯಲ್ಲಿ, ಸಾಲಾಗಿ ಬರುವ ಗಾಡಿಗಳ ಹೊಟ್ಟೆಯ ಕೆಳಗೆ ನಿಂತು ಬೋಲ್ಟುಗಳು ಬಿಗಿಯಾಗಿವೆಯೇ ನೋಡಿ, ಒಂದೊಂದರ ತಲೆಗೂ ಹಳದಿ ಪೇಂಟಿನ ಗೆರೆ ಎಳೆಯುವುದು. ನಾನು ಗೆರೆ ಎಳೆದ ಬೋಲ್ಟನ್ನು ಮುಂದಿನವರು ಯಾರೂ ಮುಟ್ಟಿ ನೋಡುವುದಿಲ್ಲ. ಅವನು ನೋಡಿದ್ದಾನಲ್ಲ, ಇನ್ನೇನು ಅಂತ ಮುಂದಕ್ಕೆ ಬಿಡುತ್ತಾರೆ.

ನಮ್ಮೂರು ಕೈಲಾಂಚದ ಕಡೆ. ಎರಡು ಎಕರೆ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ರೇಷ್ಮೆ ಹುಳ ಸಾಕುವ ಉದ್ದನೆಯ ಕೋಣೆ, ಎರಡು ಹಸು. ತೋಟದ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರ್ ಹಿಡಿಸುವುದಿಲ್ಲವೆಂದು ಆರು ವರ್ಷದ ಹಿಂದೆ ಮಿನಿ ಟ್ರ್ಯಾಕ್ಟರ್ ತಂದೆವು. ಓಡಿಸುವವಳು ನನ್ನ ಹೆಂಡತಿ. ಅವಳು ಮಾಗಡಿ ಕಡೆಯವಳು, ಮದುವೆಗೆ ಮೊದಲೇ ಅಪ್ಪನ ಗೂಡ್ಸ್ ಗಾಡಿ ಓಡಿಸಿ ಕೈ ಪಳಗಿದವಳು. ನಾನು ಸೀಟಿನ ಮೇಲೆ ಕೂತರೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ನಾಲ್ಕು ಸಲ ಇಳಿದು ಟೈರ್ ನೋಡುತ್ತೇನೆ. ಅದನ್ನು ಎರಡು ದಿನ ನೋಡಿ ಮೂರನೇ ದಿನ ಅವಳೇ ಸ್ಟೀರಿಂಗ್ ಹಿಡಿದಳು. ರಿಪೇರಿ ನನ್ನ ಪಾಲಿಗೆ ಬಂತು. ಹುಳ ಮೊದಲಿನಿಂದಲೂ ಅವ್ವನ ಪಾಲು.

ಟ್ರ್ಯಾಕ್ಟರಿನ ಹಿಂದೆ ಮಣ್ಣು ಕಲಸುವ ರೋಟವೇಟರ್ ಇರುತ್ತದೆ. ಇಂಜಿನ್ನಿನ ಬಲವನ್ನು ಅದಕ್ಕೆ ಮುಟ್ಟಿಸುವುದು ನಡುವಿನ ಶಾಫ್ಟು, ತೋಳಿನಷ್ಟು ಉದ್ದದ ಒಂದು ಕಬ್ಬಿಣದ ಕೊಳವೆ. ರೋಟವೇಟರನ್ನು ಎತ್ತುವಾಗ ಇಳಿಸುವಾಗ ಶಾಫ್ಟು ಬಾಗಬೇಕಲ್ಲ, ಅದಕ್ಕಾಗಿ ಎರಡು ತುದಿಯಲ್ಲೂ ಒಂದೊಂದು ಕೀಲು. ಕೀಲಿನ ಒಳಗಿರುವ ನಾಲ್ಕು ಕೈಯ ಕಬ್ಬಿಣಕ್ಕೆ ಎಲ್ಲರೂ ಕ್ರಾಸ್ ಅನ್ನುತ್ತಾರೆ. ಅದರ ಒಂದೊಂದು ಕೈಗೂ ಟೋಪಿಯ ಹಾಗೆ ಒಂದು ಬೇರಿಂಗ್, ಆ ಬೇರಿಂಗ್ ಹೊರಗೆ ಜಾರದಂತೆ ತಡೆಯಲು ಉಂಗುರದ ಆಕಾರದ ಒಂದು ಲಾಕು. ಒಂದು ಕ್ರಾಸಿಗೆ ನಾಲ್ಕು ಲಾಕು. ಒಂದು ಲಾಕು ತಪ್ಪಿದರೂ ಬೇರಿಂಗ್ ಈಚೆ ಬಂದು, ಕೀಲು ಬಿಚ್ಚಿಕೊಂಡು, ತಿರುಗುತ್ತಿರುವ ಶಾಫ್ಟು ಸಿಕ್ಕಿದ್ದಕ್ಕೆಲ್ಲ ಬಡಿಯುತ್ತದೆ. ಅದು ನಿಮಿಷಕ್ಕೆ ಐನೂರಕ್ಕೂ ಹೆಚ್ಚು ಸುತ್ತು ತಿರುಗುವ ವಸ್ತು.

ಅದಕ್ಕೇ ಶಾಫ್ಟಿನ ಮೇಲೆ ಹಳದಿ ಪ್ಲಾಸ್ಟಿಕ್ಕಿನ ಕವರು ಹಾಕಿ ಮಾರುತ್ತಾರೆ. ಬಟ್ಟೆಯೋ ಕೈಯೋ ತಗುಲಿದರೆ ಕವರಿಗೆ ತಗುಲಲಿ, ಕಬ್ಬಿಣಕ್ಕೆ ಬೇಡ ಅಂತ. ಆದರೆ ಕವರಿದ್ದರೆ ಗ್ರೀಸ್ ಹೊಡೆಯುವ ನಿಪ್ಪಲ್ ಕೈಗೆ ಸಿಗುವುದಿಲ್ಲ, ಹಾಗಾಗಿ ನಮ್ಮ ಕಡೆ ಮೊದಲ ವಾರವೇ ಅದನ್ನು ಕಿತ್ತು ಬಿಸಾಕುತ್ತಾರೆ. ನಮ್ಮೂರಿನಲ್ಲಿ ಒಂದು ಕವರು ಬಚ್ಚಲ ನೀರು ಹೋಗುವ ಕೊಳವೆಯಾಗಿದೆ. ಇನ್ನೊಂದರೊಳಗೆ ಕೋಳಿ ಮೊಟ್ಟೆ ಇಡುತ್ತದೆ. ಆರು ವರ್ಷವಾದರೂ ಕವರು ಶಾಫ್ಟಿನ ಮೇಲೇ ಇದ್ದದ್ದು ನಮ್ಮ ಟ್ರ್ಯಾಕ್ಟರಿನಲ್ಲಿ ಮಾತ್ರ. ಆ ವಿಷಯದಲ್ಲಿ ನನಗೆ ಜಂಬವಿತ್ತು, ಸುಳ್ಳು ಹೇಳುವುದಿಲ್ಲ.

ಇನ್ನು ಅವ್ವನ ಕಾನೂನು ಹೇಳಬೇಕು. ಟ್ರ್ಯಾಕ್ಟರ್ ಬಂದ ಮೊದಲ ವರ್ಷ ಒಂದು ಬೆಳೆ ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ವಾಂತಿ ಮಾಡಿಕೊಂಡು ಸತ್ತಿತು. ಪಕ್ಕದ ತೋಟದವರು ಟೊಮೆಟೊಗೆ ಔಷಧಿ ಹೊಡೆದಿದ್ದರು, ಅದರ ಗಾಳಿಯೇ ಇರಬಹುದು. ಆದರೆ ಅವ್ವನಿಗೆ ಕಂಡದ್ದು ಬೇರೆ. ಹಿಂದಿನ ದಿನ ನಾನು ಶಾಫ್ಟಿಗೆ ಗ್ರೀಸ್ ಹೊಡೆದು, ಕೈ ಒರೆಸಿಕೊಂಡು, ಅದೇ ಕೈಯಲ್ಲಿ ಸೊಪ್ಪು ಹಾಕಿದ್ದೆ. ಅವತ್ತಿನಿಂದ ಅವಳು ಒಂದು ಕಟ್ಟು ಮಾಡಿದಳು. ಮರಿ ಹುಳ ಮನೆಗೆ ಬಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಗ್ರೀಸ್ ಗನ್ನು ಅಟ್ಟದ ಮೇಲೆ. ಸೀಮೆಎಣ್ಣೆ, ಹೊಗೆಸೊಪ್ಪು, ಗ್ರೀಸು ಮೂರೂ ಒಂದೇ ಅವಳಿಗೆ. ಯಾವುದನ್ನಾದರೂ ಮುಟ್ಟಲೇಬೇಕಾಗಿ ಬಂದರೆ ಸೋಪು ಹಾಕಿ ಮೊಣಕೈವರೆಗೆ ತೊಳೆಯಬೇಕು. ಒಮ್ಮೆ ತೊಳೆದ ಕೈ ಆ ಹೊತ್ತಿನ ಸೊಪ್ಪು ಮುಗಿಯುವತನಕ ಮತ್ತೆ ಗ್ರೀಸು ಮುಟ್ಟುವ ಹಾಗಿಲ್ಲ.

ಗ್ರೀಸ್ ಕಾಣದ ಕ್ರಾಸು ಎಷ್ಟು ದಿನ ಬಾಳೀತು? ಹೋದ ವರ್ಷ ಒಂದು ಬೆಳೆಯ ಹಿಂದೆಯೇ ಇನ್ನೊಂದು ಬೆಳೆ ತಂದೆವು. ನಡುವೆ ಇದ್ದ ಒಂದು ವಾರ ನಾನು ಎರಡನೇ ಶಿಫ್ಟಿನಲ್ಲಿದ್ದೆ, ಗ್ರೀಸ್ ಹೊಡೆಯುವುದು ತಪ್ಪಿತು. ಆಮೇಲೆ ಗನ್ನು ಅಟ್ಟಕ್ಕೆ ಹೋಯಿತು. ಹದಿನೈದು ದಿನದಲ್ಲಿ ಶಾಫ್ಟು ಕೀರಲು ಶುರುವಾಯಿತು. ರೋಟವೇಟರ್ ಎತ್ತಿದಾಗ ಕಟಕಟ ಸದ್ದು. ಕೈಯಲ್ಲಿ ಹಿಡಿದು ಅಲುಗಿಸಿದರೆ ಮುಂದಿನ ಕೀಲು ಲಟಲಟ ಆಡುತ್ತಿತ್ತು. ಇನ್ನು ಓಡಿಸುವುದು ಬೇಡ ಅಂದೆ.

"ಸೊಪ್ಪು ಕಡಿದಿರೊ ತುಂಡು ಹಂಗೇ ಐತೆ ಕಣ್ರೀ," ಅಂದಳು ಹೆಂಡತಿ. "ಮಳೆ ಬಂದು ಒಳ್ಳೆ ಹದ ಆಗೈತೆ. ನಾಳೆ ಬುಟ್ರೆ ಮಣ್ಣು ಕಲ್ಲಾಗ್ಬುಡ್ತದೆ."

ಗನ್ನು ಇಳಿಸಿ ಕ್ರಾಸು ಬದಲಿಸಲು ಅವ್ವ ಒಪ್ಪಿದಳು, ಶರತ್ತಿನ ಮೇಲೆ. ಕೆಲಸ ಹುಣಸೆಮರದ ಕೆಳಗೆ ಆಗಬೇಕು, ಹುಳದ ಮನೆಯ ಕಡೆ ಗಾಳಿಯೂ ಬೀಸಬಾರದು.

ಹಿಂದಿನ ಸಂಜೆ ರಾಮನಗರದಿಂದ ಹೊಸ ಕ್ರಾಸು ತಂದಿಟ್ಟುಕೊಂಡಿದ್ದೆ. ಬೆಳಿಗ್ಗೆ ಐದೂವರೆಗೆ ಲುಂಗಿ ಎತ್ತಿ ಕಟ್ಟಿ ಕೂತೆ. ಶಾಫ್ಟು ಕಳಚಿ, ಮೇಲಿನ ಕವರು ಜಾರಿಸಿ ಹುಣಸೆಬುಡಕ್ಕೆ ಒರಗಿಸಿಟ್ಟೆ. ಕಾರ್ಖಾನೆಯಲ್ಲಿ ಬಿಚ್ಚಿದ ಸಾಮಾನು ನೆಲಕ್ಕೆ ಇಡುವಂತಿಲ್ಲ. ಆ ಅಭ್ಯಾಸಕ್ಕೆ ಚಪ್ಪಡಿಯ ಮೇಲೆ ಕರ್ಚೀಫು ಹಾಸಿ, ಎಡಕ್ಕೆ ಹಳೆಯ ಲಾಕುಗಳು, ಬಲಕ್ಕೆ ಹೊಸವು ಅಂತ ಜೋಡಿಸಿಕೊಂಡೆ. ಪ್ಲೈಯರಿನಲ್ಲಿ ಲಾಕು ಹಿಂಡಿ ತೆಗೆದು, ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿದರೆ ಹಳೆಯ ಬೇರಿಂಗ್ ಈಚೆ ಬಂತು. ಒಳಗೆ ಗ್ರೀಸೇ ಇಲ್ಲ, ಕೆಂಪು ತುಕ್ಕಿನ ಪುಡಿ. ನನ್ನದೇ ತಪ್ಪು ಅನ್ನಿಸಿ ಬೇಜಾರಾಯಿತು. ಹೊಸದನ್ನು ಕೂರಿಸುವಾಗ ಒಳಗಿನ ಸೂಜಿಯಂಥ ರೋಲರು ಒಂದು ಅಡ್ಡ ಬಿದ್ದರೂ ಕೆಲಸ ಕೆಟ್ಟ ಹಾಗೆ. ಉಸಿರು ಬಿಗಿಹಿಡಿದು ನಾಲ್ಕನ್ನೂ ಒತ್ತಿ ಕೂರಿಸಿದೆ. ಲಾಕು ಹಾಕಿದೆ. ಪ್ರತಿಯೊಂದೂ ಟಿಕ್ ಅಂದದ್ದು ಕೇಳಿಸಿತು. ನಾಲ್ಕು ಬಾಯಲ್ಲೂ ಹೊಸ ಗ್ರೀಸ್ ಉಕ್ಕುವವರೆಗೆ ಗನ್ನು ಹೊಡೆದು, ಶಾಫ್ಟನ್ನು ಟ್ರ್ಯಾಕ್ಟರಿಗೆ ಜೋಡಿಸಿದೆ. ಉಳಿದದ್ದು ಕವರು ಒಂದೇ. ಅದನ್ನು ಶಾಫ್ಟು ಗಾಡಿಗೆ ಹಾಕುವ ಮೊದಲೇ ಏರಿಸಬೇಕಿತ್ತು. ಲಾಕಿನ ಯೋಚನೆಯಲ್ಲಿ ಅದು ಹಿಂದುಮುಂದಾಗಿತ್ತು. ಶಾಫ್ಟಿನ ಒಂದು ತುದಿ ಮತ್ತೆ ಬಿಚ್ಚಿ ಹಾಕಿದರೆ ಐದು ನಿಮಿಷದ ಕೆಲಸ.

ಅಷ್ಟರಲ್ಲಿ ಅವ್ವ ಹುಳದ ಮನೆಯ ಬಾಗಿಲಲ್ಲಿ ನಿಂತು ಕೂಗಿದಳು. "ಎಷ್ಟೊತ್ಲಾ? ಹುಳ ಬಾಯಿ ಬುಟ್ಕೊಂಡು ಕುಂತವೆ. ಕೈ ತೊಳ್ಕೊಂಡು ಬಾ, ಸೊಪ್ಪಿನ ಹೊರೆ ಎತ್ಕೊಡು."

"ಕವರು ಒಂದು ಐತೆ ಕಣವ್ವ."

"ಆಮೇಕೆ ಹಾಕೀಯಂತೆ ಬಾ."

ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ನಮ್ಮ ಹುಳ ಆಗ ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಆ ಹುಳಕ್ಕೆ ಹಸಿವೆಂದರೆ ಹಸಿವು, ಅರ್ಧ ಗಂಟೆ ತಡವಾದರೂ ಅವ್ವನಿಗೆ ಕೂತಲ್ಲಿ ಕೂರಲಾಗುವುದಿಲ್ಲ. ನಾನು ಸೋಪು ಹಚ್ಚಿ ಮೊಣಕೈವರೆಗೆ ತೊಳೆದೆ. ತೊಳೆದ ಮೇಲೆ ಗ್ರೀಸು ಮುಟ್ಟುವಂತಿಲ್ಲವಲ್ಲ. ಸೊಪ್ಪು ಹೊತ್ತು ಒಳಗೆ ಕೊಟ್ಟೆ, ಹುಳದ ತಟ್ಟೆಗಳಿಗೆ ಹರಡಿದೆ. ಮುಗಿಯುವಷ್ಟರಲ್ಲಿ ಏಳು ಹತ್ತು. ಕಂಪನಿ ಬಸ್ಸು ರಾಮನಗರಕ್ಕೆ ಏಳೂವರೆಗೆ ಬರುತ್ತದೆ. ಪ್ಯಾಂಟು ಶರ್ಟು ಸಿಕ್ಕಿಸಿಕೊಂಡು, ಚಪ್ಪಡಿಯ ಮೇಲಿನ ಕರ್ಚೀಫನ್ನು ಒದರಿ ಜೇಬಿಗೆ ತುರುಕಿ, ಬೈಕು ಹತ್ತಿ ಓಡಿದೆ. ಬೀಗ ಜಗ್ಗುವ ಪ್ರಮೇಯವೇ ಇರಲಿಲ್ಲ, ಮನೆಯಲ್ಲಿ ಇಬ್ಬರಿದ್ದರು. ಅವತ್ತು ತಿರುವಿನಿಂದ ವಾಪಸು ಬರಲಿಲ್ಲ.

ಒಂಬತ್ತೂಮುಕ್ಕಾಲಿಗೆ ಟೀ ಬಿಡುತ್ತಾರೆ. ಲೋಟ ಹಿಡಿದು ನಿಂತು, ಮುಖ ಒರೆಸಲು ಕರ್ಚೀಫು ತೆಗೆದೆ. ಏನೋ ಕಾಲ ಬಳಿ ಟಿಣ್ ಎಂದು ಬಿತ್ತು.

ಬಗ್ಗಿ ಎತ್ತಿದರೆ ಲಾಕು.

ಟೀ ಕೆಳಗಿಟ್ಟೆ. ಗ್ರೀಸ್ ಒರೆಸಿ ಬೆಳಕಿಗೆ ಹಿಡಿದೆ. ಹೊಸ ಲಾಕೂ ಕಪ್ಪು, ಹಳೆಯ ಲಾಕೂ ಕಪ್ಪು. ಹಳೆಯವೂ ಎರಡು ವರ್ಷದ ಹಿಂದೆ ನಾನೇ ಹಾಕಿದ್ದು, ಅಷ್ಟೇನೂ ಸವೆದಿರಲಿಲ್ಲ. ಇದು ಎಡಗಡೆಯದೋ ಬಲಗಡೆಯದೋ? ನಾಲ್ಕು ಸಲ ಟಿಕ್ ಅಂದದ್ದು ಕೇಳಿಸಿತ್ತು. ನಾಲ್ಕು ಸಲವೋ ಮೂರು ಸಲವೋ? ಮೂರನೆಯದು ಒಮ್ಮೆ ಜಾರಿ ಮತ್ತೆ ಕೂರಿಸಿದ್ದೆ. ಅದನ್ನೇ ಎರಡು ಸಲ ಲೆಕ್ಕ ಹಿಡಿದಿದ್ದರೆ? ಕಾರ್ಖಾನೆಯ ಬೋಲ್ಟಿಗಾದರೆ ಗೆರೆ ಎಳೆದಿರುತ್ತೇನೆ, ಮನೆಯ ಕ್ರಾಸಿಗೆ ಗೆರೆ ಎಳೆದಿರಲಿಲ್ಲ.

ಫೋನು ಲಾಕರಿನಲ್ಲಿ. ಓಡಿ ಹೋಗಿ ಹೆಂಡತಿಗೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಎತ್ತುವುದಾದರೂ ಹೇಗೆ, ಗದ್ದಲದಲ್ಲಿ ಕೇಳಿಸುವುದಿಲ್ಲವೆಂದು ತೋಟಕ್ಕೆ ಹೋಗುವಾಗ ಅವಳು ಫೋನನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ಹೋಗುತ್ತಾಳೆ. ಅವ್ವನ ಹತ್ತಿರ ಫೋನಿಲ್ಲ. ಏಳು ಸಲ ಮಾಡಿದೆ.

ಅವಳ ಬೆನ್ನಿನಿಂದ ಮೂರಡಿ ದೂರದಲ್ಲಿ ಆ ಶಾಫ್ಟು ತಿರುಗುತ್ತಿದೆ. ಅವ್ವ ಬೇರೆ ಹಿಂದೆಯೇ ಇರುತ್ತಾಳೆ. ನಮ್ಮಲ್ಲಿ ತೋಟ ಕಲಸುವಾಗ ಹೆಂಗಸರು ರೋಟವೇಟರಿನ ಹಿಂದೆ ನಡೆಯುತ್ತ ಮೇಲೆದ್ದ ಗರಿಕೆ ಆರಿಸುತ್ತಾರೆ, ಹಸುವಿಗೆ ಆಗುತ್ತದೆ. ಸಾಲಿನ ಕೊನೆಯಲ್ಲಿ ರೋಟವೇಟರ್ ಮೇಲೆತ್ತಿದಾಗ, ಸಿಕ್ಕಿಕೊಂಡ ಕಡ್ಡಿಗಳನ್ನು ಬಗ್ಗಿ ಕೀಳುತ್ತಾರೆ. ಇಂಜಿನ್ ಆರಿಸದೆ ಕೀಳಬೇಡ ಅಂತ ನಾನು ಅವ್ವನಿಗೆ ಹೇಳದ ದಿನವಿಲ್ಲ. ತೋಟಕ್ಕೆ ಹಳೆಯ ನೂಲಿನ ಸೀರೆ ಉಟ್ಟು ಬರಬೇಡ, ಹರಿದು ಚಿಂದಿಯಾಗಿದೆ, ನೋಡಿದವರು ಏನಂದಾರು ಅಂತಲೂ ಹೇಳುತ್ತಿದ್ದೆ. ಚನ್ನಪಟ್ಟಣದಿಂದ ಗಟ್ಟಿ ಪಾಲಿಸ್ಟರ್ ಸೀರೆ ಮೂರು ತಂದುಕೊಟ್ಟಿದ್ದೆ. ಅವು ಪೆಟ್ಟಿಗೆಯಲ್ಲೇ ಇದ್ದವು. ಅವಳು ಎರಡೂ ಮಾತು ಕೇಳಲಿಲ್ಲ.

ನಮ್ಮ ಲೈನಿನ ಹಿರಿಯರ ಹತ್ತಿರ ಹೋದೆ. ನನಗಿಂತ ಹತ್ತು ವರ್ಷ ದೊಡ್ಡವರು, ಕನಕಪುರದ ಕಡೆಯವರು. ಗೇಟ್ ಪಾಸು ಬೇಕು ಅಂದೆ.

"ಮತ್ತೆ ಗ್ಯಾಸ್ ಆಫ್ ಮಾಡ್ದೆ ಬಂದ್ಬುಟ್ಟೇನ್ಲಾ?" ಅಂದರು.

ಅವರು ಹಾಗೆ ಅಂದದ್ದಕ್ಕೆ ಕಾರಣವಿತ್ತು. ಹಿಂದೆ ಒಮ್ಮೆ ಗ್ಯಾಸಿನ ಅನುಮಾನಕ್ಕೆ, ಇನ್ನೊಮ್ಮೆ ಪಂಪಿನ ಅನುಮಾನಕ್ಕೆ ಅರ್ಧ ದಿನ ರಜೆ ಹಾಕಿ ಓಡಿದ್ದೆ. ಎರಡು ಸಲವೂ ಏನೂ ಆಗಿರಲಿಲ್ಲ. ಲೈನಿನವರೆಲ್ಲ ತಿಂಗಳುಗಟ್ಟಲೆ ಆಡಿಕೊಂಡಿದ್ದರು. ಮೂರನೇ ಸಲ ಕೇಳಲು ನಾಚಿಕೆಯಾಯಿತು. ಅಂಗೈಯಲ್ಲಿದ್ದ ಲಾಕು ತೋರಿಸಿದೆ. ಅವರ ಮನೆಯಲ್ಲೂ ಟ್ರ್ಯಾಕ್ಟರ್ ಇದೆ. ನೋಡಿದ್ದೇ ನಗು ನಿಲ್ಲಿಸಿ ಪಾಸು ಬರೆದರು.

"ಕ್ರಾಸಿಂದಾ?"

"ಹೂಂ ಅಣ್ಣ."

"ನಡಿ ನಡಿ. ನಿನ್ ಜಾಗ್ದಲ್ಲಿ ನಾನ್ ನಿಂತ್ಕತೀನಿ."

ಅವರೂ ತಮಾಷೆ ಬಿಟ್ಟರಲ್ಲ ಅಂತ ನನ್ನ ಹೆದರಿಕೆ ಇನ್ನಷ್ಟು ಹೆಚ್ಚಿತು.

ಹೊಸ ಹೆದ್ದಾರಿಯ ಬಸ್ಸು ನಡುವೆ ನಿಲ್ಲುವುದಿಲ್ಲ. ಹಳೆಯ ರಸ್ತೆಗೆ ನಡೆದು ಹೋಗಿ ನಿಂತೆ. ಬಸ್ಸು ಬಂದದ್ದು ಇಪ್ಪತ್ತು ನಿಮಿಷದ ಮೇಲೆ. ಕೂರಲು ಜಾಗವಿತ್ತು, ಕೂರಲಿಲ್ಲ. ನಿಂತರೆ ಬೇಗ ಹೋದೀತೇನೋ ಅನ್ನುವ ಹಾಗೆ ಮುಂದಿನ ಬಾಗಿಲ ಬಳಿ ಕಂಬಿ ಹಿಡಿದು ನಿಂತೆ. ದಾರಿಯುದ್ದಕ್ಕೂ ಬೆಳಗಿನ ಕೆಲಸವನ್ನು ಮೊದಲಿನಿಂದ ನೆನೆಸಿಕೊಂಡೆ. ಹಳೆಯ ಲಾಕು ನಾಲ್ಕು ತೆಗೆದೆ, ಎಡಕ್ಕಿಟ್ಟೆ. ಹೊಸ ಪೊಟ್ಟಣ ಒಡೆದೆ, ಬಲಕ್ಕಿಟ್ಟೆ. ಮೊದಲನೆಯದು ಹಾಕಿದೆ, ಎರಡನೆಯದು ಹಾಕಿದೆ, ಮೂರನೆಯದು ಜಾರಿತು. ಅಲ್ಲಿಗೆ ಬಂದು ನೆನಪು ನಿಲ್ಲುತ್ತಿತ್ತು. ಮತ್ತೆ ಮೊದಲಿನಿಂದ. ರಾಮನಗರ ಮುಟ್ಟುವವರೆಗೆ ಹನ್ನೆರಡು ಸಲವಾದರೂ ಆ ಕ್ರಾಸನ್ನು ಬಿಚ್ಚಿ ಹಾಕಿದ್ದೇನೆ. ಒಂದು ಸಲವೂ ಕವರು ನೆನಪಿಗೆ ಬರಲಿಲ್ಲ. ಹುಣಸೆಬುಡಕ್ಕೆ ಒರಗಿಸಿದ್ದ ಹಳದಿ ಬಣ್ಣದ, ತೋಳುದ್ದದ ಕವರು. ಅದರ ಪಕ್ಕದಲ್ಲೇ ಬೈಕು ಓಡಿಸಿಕೊಂಡು ಬಂದಿದ್ದೆ.

ಬಸ್ ಸ್ಟ್ಯಾಂಡಿನಲ್ಲಿ ಬೈಕು ತೆಗೆದು ಕೈಲಾಂಚದ ರಸ್ತೆ ಹಿಡಿದೆ. ನಾನು ಅಷ್ಟಾಗಿ ಹರಕೆ ಹೊರುವವನಲ್ಲ. ಅವತ್ತು ಹೊತ್ತೆ. ಕಬ್ಬಾಳಮ್ಮ ತಾಯಿ, ನಾಲ್ಕೂ ಲಾಕು ಅದರಲ್ಲೇ ಇರುವ ಹಾಗೆ ಮಾಡು, ಮೂವರೂ ಬಂದು ನಿನಗೆ ಹಣ್ಣುಕಾಯಿ ಮಾಡಿಸುತ್ತೇವೆ ಅಂದೆ. ಬಾಯಿಬಿಟ್ಟೇ ಅಂದೆ. ಹೆಲ್ಮೆಟ್ಟಿನೊಳಗೆ ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು.

ಮನೆಗೆ ಹೋಗದೆ ನೇರ ತೋಟಕ್ಕೆ ತಿರುಗಿಸಿದೆ. ಇಂಜಿನ್ನಿನ ಸದ್ದು ಕೇಳಿಸಬೇಕಿತ್ತು, ಕೇಳಿಸಲಿಲ್ಲ. ಟ್ರ್ಯಾಕ್ಟರ್ ಆರನೇ ಸಾಲಿನ ಕೊನೆಯಲ್ಲಿ ರೋಟವೇಟರ್ ಎತ್ತಿದ ಹಾಗೆಯೇ ನಿಂತಿತ್ತು. ಸೀಟು ಖಾಲಿ. ಸುತ್ತ ಯಾರೂ ಇಲ್ಲ. ಕಲಸಿದ ಮಣ್ಣಿನ ಮೇಲೆ ಆರಿಸಿದ ಗರಿಕೆ ಚೆಲ್ಲಾಡಿ ಬಿದ್ದಿತ್ತು, ಅದರ ಪಕ್ಕ ಒಂದು ಚಪ್ಪಲಿ. ಒಂದೇ. ಅವ್ವನದು.

ಹತ್ತಿರ ಹೋದೆ. ಕವರಿಲ್ಲದ ಶಾಫ್ಟು ಬತ್ತಲೆ ಕಾಣುತ್ತಿತ್ತು. ಮುಂದಿನ ಕೀಲಿಗೆ ಹಸಿರು ಬಟ್ಟೆ ಸುತ್ತಿಕೊಂಡಿತ್ತು, ಹಗ್ಗ ಹೊಸೆದಂತೆ ಬಿಗಿಯಾಗಿ, ಗ್ರೀಸಿನಲ್ಲಿ ನೆಂದು. ಅವ್ವನ ತೋಟದ ಸೀರೆಯ ಬಣ್ಣ ಅದು.

ಕವರು ಆಗ ನೆನಪಾಯಿತು. ಮಂಡಿಯೂರಿ ಆ ಬಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು ಬಿಡಿಸಲು ನೋಡಿದೆ, ಬರಲಿಲ್ಲ. ರಕ್ತ ಏನಾದರೂ ಇದೆಯೇ ಅಂತ ಹುಡುಕಿದೆ. ಗ್ರೀಸಿನಲ್ಲಿ ಯಾವುದು ಏನು ಎಂದೇ ತಿಳಿಯುತ್ತಿರಲಿಲ್ಲ. "ಅವ್ವಾ" ಅಂತ ಕೂಗಿದೆ. ತೋಟದಲ್ಲಿ ಯಾರೂ ಓಗೊಡಲಿಲ್ಲ. ಬೈಕು ಅಲ್ಲೇ ಬಿಟ್ಟು ಮನೆಯ ಕಡೆ ಓಡಿದೆ. ಆ ಇನ್ನೂರು ಹೆಜ್ಜೆಯಲ್ಲಿ ನಾನು ನೆನೆಸಿಕೊಂಡದ್ದನ್ನು ಬರೆಯಲಾರೆ.

ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಹಿಂದಕ್ಕೆ ಸುತ್ತಿಕೊಂಡು ಹೋದೆ. ಹುಳದ ಮನೆಯ ಬಾಗಿಲ ಪರದೆ ಸರಿಸಿದರೆ ಅವ್ವ ಬೇರೆ ಸೀರೆ ಉಟ್ಟು ತಟ್ಟೆಯ ಮುಂದೆ ನಿಂತು ಸೊಪ್ಪು ಹರಡುತ್ತಿದ್ದಳು. ಎಡಗಡೆಯ ಕತ್ತಿನ ಮೇಲೆ ಕೆಂಪಗೆ ಬಾಸುಂಡೆ ಎದ್ದಿತ್ತು. ಒಂದು ಮಂಡಿಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ್ದಳು. ಸೀರೆಯ ಅಂಚು ಆ ಕಡೆ ಎತ್ತಿ ಸಿಕ್ಕಿಸಿದ್ದಳು.

ನಾನು ಒಳಗೆ ಕಾಲಿಟ್ಟೆ.

"ಅಲ್ಲೇ ನಿಂತ್ಕೊ," ಅಂದಳು, ನನ್ನ ಕೈ ನೋಡಿ. "ಗ್ರೀಸ್ ಕಣ್ಲಾ. ಕೈ ತೊಳ್ಕೊಂಡು ಬಾ."

ನಾನು ಬಾಗಿಲಲ್ಲೇ ನಿಂತೆ. ನಲವತ್ತೆರಡು ವರ್ಷದ ಗಂಡಸಿಗೆ ಅಳು ಬಂತು, ಒರೆಸಿಕೊಳ್ಳಲು ಕೈ ಚೊಕ್ಕಟವಿರಲಿಲ್ಲ.

ಹಿಂದಿನಿಂದ ಹೆಂಡತಿ ಬಂದಳು, ಸುತ್ತಿಕೊಂಡ ಬಟ್ಟೆ ಕೊಯ್ಯಲು ಕುಡುಗೋಲು ಹಿಡಿದು ಹೊರಟಿದ್ದಳು. ಈ ಹೊತ್ತಿನಲ್ಲಿ ನನ್ನನ್ನು ಕಂಡು ಬೆಚ್ಚಿದಳು. ಆದದ್ದನ್ನು ಅವಳೇ ಹೇಳಿದಳು. ಆರನೇ ಸಾಲಿನ ಕೊನೆಯಲ್ಲಿ ರೋಟವೇಟರ್ ಎತ್ತಿದ್ದಾಳೆ. ಅವ್ವ ಎಂದಿನಂತೆ ಕಡ್ಡಿ ಕೀಳಲು ಬಗ್ಗಿದ್ದಾಳೆ. ಗಾಳಿಗೆ ಸೆರಗು ಹಾರಿ ಕೀಲಿಗೆ ಬಿದ್ದಿದೆ. ಇಂಜಿನ್ನಿನ ಸದ್ದು ಒಂಚೂರು ಬದಲಾದದ್ದಕ್ಕೇ ಇವಳು ಕ್ಲಚ್ ಒತ್ತಿದ್ದಾಳೆ. ಅಷ್ಟರಲ್ಲಿ ಸೆರಗು ಅವ್ವನನ್ನು ಶಾಫ್ಟಿನವರೆಗೆ ಎಳೆದು, ಭುಜದ ಹತ್ತಿರ ಪರ್ ಅಂತ ಹರಿದಿದೆ.

"ಹಳೇ ಸೀರೆ, ಹರ್ಕೊಂಡ್ಬಂತು," ಅಂದಳು. "ನೀವು ತಂದ್ಕೊಟ್ಟಿರೋದು ಉಟ್ಟಿದ್ರೆ ಹರೀತಿರ್ಲಿಲ್ಲ ಕಣ್ರೀ."

ನಾನು ಕೇಳಿದೆ, "ಕವರು ಇಲ್ದೇ ಇರೋದು ನೋಡ್ಲಿಲ್ವಾ ನೀನು?"

"ನೋಡ್ದೆ. ಹುಣಸೆಮರದ ತಾವು ಒರಗ್ಸಿರೋದೂ ನೋಡ್ದೆ." ಕುಡುಗೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ಹೊಸ ಕ್ರಾಸು, ಮೊದಲ್ನೇ ದಿನ ಕಾಣಂಗಿರ್ಲಿ ಅಂತ ಬೇಕಂತ್ಲೇ ಬಿಚ್ಚಿಟ್ಟವ್ರೆ ಅಂದ್ಕೊಂಡೆ. ನೀವು ಮರೆಯೋರಲ್ವಲ್ಲ."

ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಊರಿಗೆಲ್ಲ ಒಬ್ಬ ಅನುಮಾನದವನು, ನಾಲ್ಕು ಸಲ ಬೀಗ ಜಗ್ಗುವವನು. ಅವನು ಬಿಟ್ಟದ್ದಕ್ಕೆ ಕಾರಣವಿರಲೇಬೇಕು ಅಂತ ನಂಬಿ ಇಬ್ಬರು ಹೆಂಗಸರು ಆ ಶಾಫ್ಟಿನ ಪಕ್ಕದಲ್ಲಿ ಆರು ಸಾಲು ಕೆಲಸ ಮಾಡಿದ್ದರು. ನನ್ನ ಗೆರೆ ಇದ್ದ ಬೋಲ್ಟನ್ನು ಯಾರೂ ಮುಟ್ಟಿ ನೋಡುವುದಿಲ್ಲವಲ್ಲ, ಹಾಗೆ.

ರಾಮನಗರದ ಆಸ್ಪತ್ರೆಗೆ ಹೋಗೋಣ ಅಂದೆ. ಅವ್ವ ಒಪ್ಪಲಿಲ್ಲ. ಬಲವಂತ ಮಾಡಿದ ಮೇಲೆ, ಹುಳಕ್ಕೆ ಸೊಪ್ಪು ಹಾಕಿ ಮುಗಿಸಿ, ಹೆಂಡತಿಯ ಜೊತೆ ಆಟೋದಲ್ಲಿ ಕೈಲಾಂಚಕ್ಕೆ ಹೋಗಿ ಸೂಜಿ ಚುಚ್ಚಿಸಿಕೊಂಡು ಬಂದಳು. ಅವರು ಬರುವಷ್ಟರಲ್ಲಿ ನಾನು ಬಟ್ಟೆ ಕೊಯ್ದು ಬಿಡಿಸಿದೆ. ಕೀಲನ್ನು ಒರೆಸಿ ನೋಡಿದೆ. ನಾಲ್ಕು ಲಾಕೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿ ಕೂತಿದ್ದವು. ಜೇಬಿನಲ್ಲಿದ್ದದ್ದು ಹಳೆಯದು. ಕಬ್ಬಾಳಮ್ಮ ನಾನು ಕೇಳಿದ್ದನ್ನೇ ಕೊಟ್ಟಿದ್ದಳು. ಕೇಳಿದ್ದೇ ತಪ್ಪಾಗಿತ್ತು.

ನಾಲ್ಕು ಗಂಟೆಯ ಸುಮಾರಿಗೆ ಶಾಫ್ಟು ಮತ್ತೆ ಕಳಚಿ, ಹುಣಸೆಮರದ ಕೆಳಗೆ ಕೂತು ಕವರು ಏರಿಸಲು ಹೊರಟೆ. ಶಾಫ್ಟು ಒಬ್ಬರು ಹಿಡಿದುಕೊಂಡರೆ ಕವರು ಸಲೀಸಾಗಿ ಕೂರುತ್ತದೆ. ಒಬ್ಬನೇ ಆದ್ದರಿಂದ ಕಾಲಲ್ಲಿ ಒತ್ತಿ ಹಿಡಿದು ಹೆಣಗುತ್ತಿದ್ದೆ. ಒಂದು ಕ್ಲಿಪ್ಪು ಕೂರಿಸಿದರೆ ಇನ್ನೊಂದು ಬಿಟ್ಟುಕೊಳ್ಳುತ್ತಿತ್ತು.

ಅವ್ವ ಕುಂಟಿಕೊಂಡು ಬಂದಳು. ಎದುರಿಗೆ ಕಲ್ಲಿನ ಮೇಲೆ ಕೂತಳು. ಕೈ ಚಾಚಿದಳು.

"ಕೊಡಿಲ್ಲಿ. ನಾನ್ ಹಿಡ್ಕತೀನಿ."

"ಗ್ರೀಸ್ ಐತೆ ಕಣವ್ವ. ಸಂಜೆ ಸೊಪ್ಪು ಹಾಕ್ಬೇಕಲ್ಲ ನೀನು."

"ಐತೆ ಅಂತ ಗೊತ್ತು. ಕೊಡು."

ಆರು ವರ್ಷದಲ್ಲಿ ಹುಳ ಮನೆಯಲ್ಲಿದ್ದಾಗ ಅವಳು ಗ್ರೀಸಿನ ಡಬ್ಬಿಯ ಮುಚ್ಚಳ ಕೂಡ ಮುಟ್ಟಿದವಳಲ್ಲ. ಈಗ ಶಾಫ್ಟಿನ ತುದಿಯನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದ ಅವಳ ಬೆರಳ ಸಂದಿಯಲ್ಲೆಲ್ಲ ಕಪ್ಪು ಮೆತ್ತಿಕೊಂಡಿತು. ಆಗ ನೋಡಿದೆ, ಅವಳ ಕೈ ನಡುಗುತ್ತಿತ್ತು. ಬೆಳಗಿನಿಂದ ಗದರಿಕೊಂಡು, ಸೊಪ್ಪು ಹಾಕಿಕೊಂಡು, ಆಟೋದವನ ಜೊತೆ ಮಾತಾಡಿಕೊಂಡು ಅದನ್ನು ಯಾರಿಗೂ ಕಾಣದ ಹಾಗೆ ಇಟ್ಟುಕೊಂಡಿದ್ದಳು. ನಾನು ಕವರು ಜಾರಿಸಿದೆ, ಕ್ಲಿಪ್ಪು ಕೂರಿಸಿದೆ, ಅವಳ ಮುಂದೆಯೇ ಎರಡು ಸಲ ಜಗ್ಗಿ ನೋಡಿದೆ. ಅವಳೂ ಒಂದು ಸಲ ಜಗ್ಗಿದಳು.

ಆಮೇಲೆ ಬಚ್ಚಲಿಗೆ ಹೋಗಿ ಮೂರು ಸಲ ಸೋಪು ಹಾಕಿ ತೊಳೆದು ಮೂಸಿ ನೋಡಿಕೊಂಡಳು. ವಾಸನೆ ಹೋಗಿರಲಿಲ್ಲ. ಆ ಸಂಜೆ ಹುಳದ ಮನೆಗೆ ನನ್ನ ಹೆಂಡತಿಯೊಬ್ಬಳೇ ಹೋದಳು. ಗ್ರೀಸಿನ ಕೈಯವರು ನಾವಿಬ್ಬರೂ ಜಗಲಿಯ ಮೇಲೆ ಕೂತೆವು. ಒಳಗಿನಿಂದ ಸೊಪ್ಪು ಹರಡುವ ಸದ್ದು ಕೇಳುತ್ತಿತ್ತು.

"ಕವರು ಒಂದು ಐತೆ ಅಂದೆ ನೀನು," ಅಂದಳು ಅವ್ವ. "ಆಮೇಕೆ ಹಾಕೀಯಂತೆ ಬಾ ಅಂದೋಳು ನಾನು. ಬಗ್ಗಿದಾಗ ನೋಡ್ದೆ ಕಣ್ಲಾ, ಕವರಿಲ್ಲ ಅಂತ. ನೋಡ್ಬುಟ್ಟೂ ಬಗ್ಗಿದೆ."

"ಮರ್ತೋನು ನಾನು ಕಣವ್ವ."

"ಇಬ್ರೂವೆ ಬುಡು," ಅಂದಳು.